ಬೆನ್ನುನೋವು: ಮಲಗಿಸುವ ಮಾತು, ಎಬ್ಬಿಸುವ ವೀಡಿಯೋ



ಕಳೆದ ವರ್ಷ ಮುಂಗಾರು ಬಿತ್ತನೆಯ ದಿನಗಳಲ್ಲಿ 55 ವರ್ಷದ ತಾಯಿಯೊಬ್ಬರನ್ನು ಅವರ ಮಗ ಹಾಗೂ ಸೊಸೆ ಎರಡು ಕಡೆಯಿಂದ ಹಿಡಿದುಕೊಂಡು ನನ್ನ ಚಿಕಿತ್ಸಾಲಯಕ್ಕೆ ಕರೆತಂದರು. ಹೊಲದಲ್ಲಿ ಬೀಜದ ಚೀಲ ಎತ್ತುವಾಗ ಸೊಂಟದಲ್ಲಿ ಚಳುಕು ಹಿಡಿದು ಮೂರು ವಾರಗಳಾಗಿದ್ದವು. ಅಂದಿನಿಂದ ಅವರು ಹೊರಸು ಬಿಟ್ಟು ಇಳಿದದ್ದು ಬಹಿರ್ದೆಸೆಗೆ ಮಾತ್ರ. ಊಟ, ನೀರು ಎಲ್ಲವೂ ಮಲಗಿದಲ್ಲಿಯೇ ನಡೆದಿದ್ದವು. “ಟೊಂಕ ಹೋತ್ರೀ ಡಾಕ್ಟರ, ಇನ್ನ ನನ್ನ ಕೈಲೆ ಏನೂ ಆಗೂದಿಲ್ಲ” ಎಂದು ಕಣ್ಣೀರು ಹಾಕಿದರು.

ಪರೀಕ್ಷಿಸಿ ನೋಡಿದೆ. ಎರಡೂ ಕಾಲುಗಳ ಬಲ ಸರಿಯಾಗಿತ್ತು, ಸ್ಪರ್ಶಜ್ಞಾನ ಸರಿಯಾಗಿತ್ತು, ಮಲಮೂತ್ರಗಳ ಹಿಡಿತದಲ್ಲಿ ದೋಷವಿರಲಿಲ್ಲ, ಜ್ವರವಿರಲಿಲ್ಲ. ಗಾಬರಿ ಪಡುವಂಥದ್ದು ಯಾವುದೂ ಕಾಣಲಿಲ್ಲ. ಹಾಗಾದರೆ ಏಳುತ್ತಿಲ್ಲವೇಕೆ ಎಂದು ಕೇಳಿದಾಗ ಮಗ ತನ್ನ ಮೊಬೈಲ್ ತೆಗೆದು ಒಂದು ವೀಡಿಯೋ ತೋರಿಸಿದ. ಅದರಲ್ಲಿ ಕೆಂಪು ಬಣ್ಣದ ಬೆನ್ನುಮೂಳೆಯೊಂದು ಎದೆ ನಡುಗಿಸುವ ಸಂಗೀತದ ನಡುವೆ ಒಡೆದು ಚೂರಾಗುತ್ತಿತ್ತು. ಬೆನ್ನುನೋವಿದ್ದವರು ಒಮ್ಮೆ ಬಾಗಿದರೂ ಸಾಕು, ಜೀವನಪರ್ಯಂತ ಹಾಸಿಗೆಯೇ ಗತಿ ಎಂದು ಒಂದು ಧ್ವನಿ ಎಚ್ಚರಿಸುತ್ತಿತ್ತು. ನನಗೆ ಸಿಟ್ಟು ಬಂದಿತು. ಆ ವೀಡಿಯೋ ಮಾಡಿದವರನ್ನು ಬಯ್ಯಲು ಬಾಯಿ ತೆರೆಯುವಷ್ಟರಲ್ಲಿ ಸೊಸೆ ಒಂದು ಪ್ಲಾಸ್ಟಿಕ್ ಚೀಲದಿಂದ ಮಡಚಿದ ಹಳೆಯ ಚೀಟಿಯನ್ನು ತೆಗೆದು ನನ್ನ ಮುಂದಿಟ್ಟಳು. ಅದರಲ್ಲಿ ಹೀಗೆ ಬರೆದಿತ್ತು: ಬಾಗಬಾರದು, ಭಾರ ಎತ್ತಬಾರದು, ಹಲಗೆಯ ಮೇಲೆ ಮಲಗಿ ಸಂಪೂರ್ಣ ವಿಶ್ರಾಂತಿ.

ಕೈಬರಹ ನನ್ನದು. ಕೆಳಗಿದ್ದ ಸಹಿಯೂ ನನ್ನದೇ. ಹನ್ನೆರಡು ವರ್ಷಗಳ ಹಿಂದೆ ಇದೇ ತಾಯಿಗೆ ಇದೇ ನೋವು ಬಂದಾಗ ನಾನು ಕೊಟ್ಟಿದ್ದ ಉಪದೇಶ ಅದು. ಪಾಪ, ಅವರು ಅದನ್ನು ಹನ್ನೆರಡು ವರ್ಷ ಜೋಪಾನವಾಗಿ ಕಾಯ್ದಿಟ್ಟಿದ್ದರು, ನೋವು ಮರಳಿದಾಗ ಅಕ್ಷರಶಃ ಪಾಲಿಸಿದ್ದರು. ವೀಡಿಯೋ ಮಾಡಿದವನ ಮೇಲೆ ಸಿಟ್ಟಾಗುವ ಹಕ್ಕು ನನಗೆ ಉಳಿದಿರಲಿಲ್ಲ.

ಆ ಚೀಟಿಯ ಋಣ ತೀರಿಸುವ ಸಲುವಾಗಿ ಈ ಲೇಖನ ಬರೆಯುತ್ತಿದ್ದೇನೆ. ಸಾಮಾನ್ಯ ಬೆನ್ನುನೋವಿಗೆ ದೀರ್ಘಕಾಲ ಮಲಗುವುದು ಮದ್ದಲ್ಲ, ಚಲನೆಯೇ ಮದ್ದು. ಈ ಮಾತನ್ನು ಮನೆಮನೆಗೆ ಮುಟ್ಟಿಸಲು ವೈದ್ಯರಾದ ನಾವು ಹೀಗಳೆಯುತ್ತ ಬಂದಿರುವ ಮೊಬೈಲ್ ವೀಡಿಯೋಗಳನ್ನೇ ವಿವೇಕದಿಂದ ಬಳಸಿಕೊಳ್ಳಬೇಕು. ಇದು ನನ್ನ ಇಂದಿನ ಅಭಿಪ್ರಾಯ.

ನಾವು ತಪ್ಪಿದ್ದೆಲ್ಲಿ?

ನಾನು ಬಿ.ಎ.ಎಂ.ಎಸ್. ಓದುತ್ತಿದ್ದ ಕಾಲಕ್ಕೆ ಬೆನ್ನುನೋವೆಂದರೆ ವಿಶ್ರಾಂತಿ ಎಂಬುದು ಪ್ರಶ್ನಿಸಲಾಗದ ನಿಯಮವಾಗಿತ್ತು. ಅಲೋಪಥಿ ವೈದ್ಯರೂ ಅದನ್ನೇ ಹೇಳುತ್ತಿದ್ದರು, ಮನೆಯ ಹಿರಿಯರೂ ಅದನ್ನೇ ಹೇಳುತ್ತಿದ್ದರು. ಆಯುರ್ವೇದದಲ್ಲಿ ಸೊಂಟದ ಬಿಗಿತವನ್ನು ಕಟಿಗ್ರಹವೆಂದೂ, ಸೊಂಟದಿಂದ ಕಾಲಿನ ಉದ್ದಕ್ಕೂ ಇಳಿಯುವ ನೋವನ್ನು ಗೃಧ್ರಸಿ ಎಂದೂ ಕರೆದು ವಾತವ್ಯಾಧಿಗಳಲ್ಲಿ ಗಣಿಸುತ್ತೇವೆ. ವಾತವು ಕೆರಳಲು ಚರಕಸಂಹಿತೆಯ ಚಿಕಿತ್ಸಾಸ್ಥಾನವು ಹೇಳುವ ಕಾರಣಗಳಲ್ಲಿ ಅತಿಯಾದ ದಾರಿ ನಡೆಯುವುದು, ಅತಿಯಾದ ವ್ಯಾಯಾಮ, ಅತಿಯಾದ ಚೇಷ್ಟೆಗಳು ಸೇರಿವೆ. ಹೀಗಾಗಿ ರೋಗಿಯನ್ನು ಅಲುಗಾಡದಂತೆ ಮಲಗಿಸುವುದೇ ಶಾಸ್ತ್ರಸಮ್ಮತವೆಂದು ನಾವು ನಂಬಿದೆವು.

ಈಚೆಗೆ ಆ ಭಾಗವನ್ನು ಮತ್ತೆ ಓದುವಾಗ ನನಗೆ ನಾಚಿಕೆಯಾಯಿತು. ‘ಅತಿ’ ಎಂಬ ಎರಡಕ್ಷರವನ್ನು ನಾವು ಬಿಟ್ಟು ಓದಿದ್ದೆವು. ಅದೇ ಸಂಹಿತೆಯ ಸೂತ್ರಸ್ಥಾನದಲ್ಲಿ ಯೋಗ್ಯ ಪ್ರಮಾಣದ ವ್ಯಾಯಾಮದಿಂದ ದೇಹಕ್ಕೆ ಲಘುತ್ವ, ಕೆಲಸ ಮಾಡುವ ಶಕ್ತಿ, ಸ್ಥಿರತೆ, ಕಷ್ಟ ಸಹಿಸುವ ಗುಣ ಬರುತ್ತವೆ, ದೋಷಗಳು ಕ್ಷೀಣಿಸುತ್ತವೆ, ಜಠರಾಗ್ನಿ ಹೆಚ್ಚುತ್ತದೆ ಎಂದು ಸ್ಪಷ್ಟವಾಗಿ ಹೇಳಿದೆ. ಮಿತಿಮೀರಿದ್ದನ್ನು ಬಿಡು ಎಂದ ಶಾಸ್ತ್ರವನ್ನು ನಾವು ಮಾಡುವುದನ್ನೇ ಬಿಡು ಎಂದು ಅರ್ಥೈಸಿದೆವು. ಉಪ್ಪು ಹೆಚ್ಚಾಗಬಾರದೆಂದರೆ ಉಪ್ಪಿಲ್ಲದ ಸಾರು ಉಣ್ಣಿಸಿದ ಹಾಗಾಯಿತು ಅದು.

ಆಧುನಿಕ ವೈದ್ಯವಿಜ್ಞಾನವು ತನ್ನ ತಪ್ಪನ್ನು ನಮಗಿಂತ ಮೊದಲೇ ತಿದ್ದಿಕೊಂಡಿತು. 1995ರಲ್ಲಿ ಪ್ರಕಟವಾದ ಫಿನ್ಲೆಂಡ್ ದೇಶದ ಅಧ್ಯಯನವೊಂದು ಇಲ್ಲಿ ಉಲ್ಲೇಖಾರ್ಹ. ಹೆಲ್ಸಿಂಕಿ ನಗರಾಡಳಿತದ ನೌಕರರಲ್ಲಿ ಹೊಸದಾಗಿ ಸೊಂಟನೋವು ಬಂದ 186 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಎರಡು ದಿನ ಹಾಸಿಗೆಯ ವಿಶ್ರಾಂತಿ, ಇನ್ನೊಂದಕ್ಕೆ ಬೆನ್ನಿನ ವಿಶೇಷ ವ್ಯಾಯಾಮ, ಮೂರನೆಯದಕ್ಕೆ ನೋವು ತಾಳಿಕೊಳ್ಳುವಷ್ಟರ ಮಟ್ಟಿಗೆ ನಿತ್ಯದ ಕೆಲಸಗಳನ್ನು ಮಾಡಿಕೊಂಡಿರಿ ಎಂಬ ಸಲಹೆ. ಬೇಗ ಚೇತರಿಸಿಕೊಂಡವರು ಮೂರನೆಯ ಗುಂಪಿನವರು. ತೀರ ನಿಧಾನವಾಗಿ ಚೇತರಿಸಿಕೊಂಡವರು ಹಾಸಿಗೆ ಹಿಡಿದವರು. ಇದು ಪ್ರಕಟವಾದ ಎಷ್ಟೋ ವರ್ಷಗಳ ಮೇಲೂ ನಾನು ‘ಹಲಗೆಯ ಮೇಲೆ ಮಲಗಿ’ ಎಂದು ಬರೆಯುತ್ತಲೇ ಇದ್ದೆ.

ಈ ನೋವು ಎಷ್ಟು ವ್ಯಾಪಕವೆಂದರೆ, ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 62 ಕೋಟಿ ಜನ ಸೊಂಟನೋವಿನಿಂದ ಬಳಲುತ್ತಿದ್ದರು. 2050ರ ಹೊತ್ತಿಗೆ ಈ ಸಂಖ್ಯೆ 84 ಕೋಟಿಯನ್ನು ದಾಟಬಹುದೆಂಬ ಅಂದಾಜಿದೆ. ಅದೇ ಸಂಸ್ಥೆಯು 2023ರ ಡಿಸೆಂಬರ್‌ನಲ್ಲಿ ಬಹುಕಾಲದ ಸೊಂಟನೋವಿನ ಚಿಕಿತ್ಸೆಗೆ ಮಾರ್ಗಸೂಚಿ ಹೊರಡಿಸಿತು. ರೋಗಿಗೆ ತಿಳಿವಳಿಕೆ ನೀಡುವುದು ಮತ್ತು ಕ್ರಮಬದ್ಧ ವ್ಯಾಯಾಮ ಅದರಲ್ಲಿ ಮುಖ್ಯ ಸ್ಥಾನ ಪಡೆದಿವೆ. ಸೊಂಟಕ್ಕೆ ಬೆಲ್ಟ್ ಬಿಗಿಯುವುದನ್ನೂ, ಭಾರ ಕಟ್ಟಿ ಎಳೆಯುವ ಟ್ರ್ಯಾಕ್ಷನ್ ಅನ್ನೂ ವಾಡಿಕೆಯಾಗಿ ಬಳಸಬೇಡಿ ಎಂದು ಅದು ಹೇಳುತ್ತದೆ.

ನೋವು ಎಲ್ಲ ವೇಳೆ ಹಾನಿಯ ಗುರುತಲ್ಲ

ಚಲನೆ ಮದ್ದೆಂದು ಹೇಳಿದರೆ ರೋಗಿಗಳು ಕೇಳುವ ಮೊದಲ ಪ್ರಶ್ನೆ ನ್ಯಾಯವಾದದ್ದೇ: “ಅಲ್ರೀ, ಅಲುಗಾಡಿದ್ರ ನೋಯ್ತೈತಿ, ಇನ್ನಷ್ಟು ಕೆಡೂದಿಲ್ಲೇನ?”

ಮನೆಯ ಕಾವಲಿಗೆ ಒಂದು ನಾಯಿ ಕಟ್ಟಿದ್ದೇವೆಂದುಕೊಳ್ಳಿ. ಒಮ್ಮೆ ಕಳ್ಳ ಬಂದು ಹೋದ ಮೇಲೆ ಆ ನಾಯಿ ಹಾಲು ಹಾಕಲು ಬಂದವನಿಗೂ ಬೊಗಳುತ್ತದೆ, ಗಾಳಿಗೆ ಎಲೆ ಅಲುಗಿದರೂ ಬೊಗಳುತ್ತದೆ. ಬೊಗಳಿದಾಗಲೆಲ್ಲ ಕಳ್ಳ ಬಂದಿದ್ದಾನೆಂದು ನಾವು ಬಾಗಿಲು ಹಾಕಿಕೊಂಡು ಕುಳಿತರೆ ನಾಯಿಯ ಗಾಬರಿಯೂ ಇಳಿಯುವುದಿಲ್ಲ, ನಮ್ಮ ಬದುಕೂ ಸಾಗುವುದಿಲ್ಲ. ಬೆನ್ನಿನ ನರಗಳೂ ಹಾಗೆಯೇ. ಮೊದಲ ಪೆಟ್ಟು ಮಾಗಿದ ಮೇಲೂ ಅವು ಕೆಲಕಾಲ ಅತಿಸೂಕ್ಷ್ಮವಾಗಿರುತ್ತವೆ. ಮೆಲ್ಲಮೆಲ್ಲನೆ ನಡೆದು, ಬಾಗಿ, ಕೆಲಸ ಮಾಡಿ ತೋರಿಸಿದಾಗ ಅಪಾಯವಿಲ್ಲವೆಂದು ಅವು ಮತ್ತೆ ಕಲಿಯುತ್ತವೆ. ಮಲಗಿಯೇ ಇದ್ದರೆ ಸ್ನಾಯುಗಳು ಸೊರಗುತ್ತವೆ, ಕೀಲುಗಳು ಬಿಗಿಯುತ್ತವೆ, ಹಸಿವು ನಿದ್ದೆ ಕೆಡುತ್ತವೆ, ಮನಸ್ಸು ಕುಗ್ಗುತ್ತದೆ. ಆಮೇಲೆ ಎದ್ದಾಗ ಬರುವ ನೋವಿನಲ್ಲಿ ಕಾಯಿಲೆಯ ಪಾಲೆಷ್ಟು, ಮಲಗಿದ್ದರ ಪಾಲೆಷ್ಟು ಎಂದು ಬಿಡಿಸಿ ಹೇಳುವುದೇ ಕಷ್ಟವಾಗುತ್ತದೆ.

ಭಯ ಹೆಚ್ಚಿಸುವ ಇನ್ನೊಂದು ಸಂಗತಿ ಎಂಆರ್‌ಐ ವರದಿ. ಎಲುಬಿನ ಗ್ಯಾಪ್ ಬಂದಿದೆ, ಗಾದಿ ಸವೆದಿದೆ, ಡಿಸ್ಕ್ ಜಾರಿದೆ ಎಂದು ಹೇಳುತ್ತಲೇ ಬರುವ ರೋಗಿಗಳಿಗೆ ನಾನು 1994ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನದ ಮಾತು ಹೇಳುತ್ತೇನೆ. ಬೆನ್ನುನೋವೇ ಇಲ್ಲದ 98 ಜನರ ಎಂಆರ್‌ಐ ತೆಗೆದು ನೋಡಿದಾಗ ಅವರಲ್ಲಿ ನೂರಕ್ಕೆ 64 ಜನರಿಗೆ ಒಂದಾದರೂ ಡಿಸ್ಕ್ ಸಹಜ ಸ್ಥಿತಿಯಲ್ಲಿರಲಿಲ್ಲ. ವಯಸ್ಸಾದಂತೆ ಕೂದಲು ನರೆಯುವ ಹಾಗೆ ಡಿಸ್ಕ್‌ಗಳೂ ಬದಲಾಗುತ್ತವೆ. ಚಿತ್ರದಲ್ಲಿ ಕಂಡದ್ದೆಲ್ಲ ನೋವಿನ ಕಾರಣವಾಗಬೇಕಿಲ್ಲ.

ಮಾತಿಗಿಂತ ಕಂಡದ್ದು ಬೇಗ ನಾಟುತ್ತದೆ

ಇಷ್ಟೆಲ್ಲವನ್ನೂ ಒಬ್ಬ ರೋಗಿಗೆ ಮನದಟ್ಟು ಮಾಡಲು ಅರ್ಧ ಗಂಟೆ ಬೇಕು. ಸಂತೆಯ ದಿನ ಚಿಕಿತ್ಸಾಲಯದ ಕಟ್ಟೆಯ ಮೇಲೆ ನಲವತ್ತು ಜನ ಕಾಯುತ್ತಿರುವಾಗ ಒಬ್ಬರಿಗೆ ಐದು ನಿಮಿಷ ಸಿಕ್ಕರೆ ಹೆಚ್ಚು. ಆ ಐದು ನಿಮಿಷದಲ್ಲಿ ನಾನು ಹೇಳಿದ್ದರಲ್ಲಿ ಅರ್ಧ ಬಾಗಿಲು ದಾಟುವಷ್ಟರಲ್ಲಿ ಮರೆತುಹೋಗುತ್ತದೆ. ಮನೆಗೆ ಹೋದರೆ ನೆರೆಯವರು ಬಂದು “ಏಳಬ್ಯಾಡ ಬೇ, ಮಲಕೋ” ಎಂದು ಉಳಿದರ್ಧವನ್ನೂ ಅಳಿಸಿಹಾಕುತ್ತಾರೆ. ವೀಡಿಯೋವನ್ನು ಮಾತ್ರ ರೋಗಿ ತಾನೂ ನೋಡಬಹುದು, ಗಂಡನಿಗೆ, ಅತ್ತೆಗೆ, ನೆರೆಯವರಿಗೆ ತೋರಿಸಬಹುದು, ಧೈರ್ಯಗುಂದಿದಾಗ ಮತ್ತೆ ನೋಡಬಹುದು.

ಇದು ಬರಿಯ ಊಹೆಯಲ್ಲ. 1997ರಿಂದ 1999ರವರೆಗೆ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಬೆನ್ನುನೋವಿಗೆ ಮಲಗಬೇಡಿ, ಚಟುವಟಿಕೆಯಿಂದಿರಿ, ಸಾಧ್ಯವಾದಷ್ಟು ಕೆಲಸದಲ್ಲಿ ಮುಂದುವರಿಯಿರಿ ಎಂಬ ಸಂದೇಶವನ್ನು ದೂರದರ್ಶನದ ಕಿರುಚಿತ್ರಗಳ ಮೂಲಕ ಬಿತ್ತರಿಸಿದರು. ಅವುಗಳಲ್ಲಿ ತಜ್ಞ ವೈದ್ಯರಿದ್ದರು, ಸ್ವತಃ ಬೆನ್ನುನೋವು ಉಂಡು ಎದ್ದ ಆಟಗಾರರೂ ನಟರೂ ಇದ್ದರು. ನೆರೆಯ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಅಂಥ ಪ್ರಚಾರ ನಡೆಯಲಿಲ್ಲ. ಎರಡನ್ನೂ ಹೋಲಿಸಿ ನೋಡಿದಾಗ ವಿಕ್ಟೋರಿಯಾದ ಜನರ ತಪ್ಪು ನಂಬಿಕೆಗಳು ಗಣನೀಯವಾಗಿ ಕಡಿಮೆಯಾಗಿದ್ದವು. ಬೆನ್ನುನೋವಿನ ಕಾರಣಕ್ಕೆ ಕಾರ್ಮಿಕರು ಸಲ್ಲಿಸುವ ಪರಿಹಾರದ ಅರ್ಜಿಗಳು ನೂರಕ್ಕೆ 15ಕ್ಕೂ ಹೆಚ್ಚು ಇಳಿದಿದ್ದವು. ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ ಸಂಗತಿ ಬೇರೆ: ಅಲ್ಲಿನ ವೈದ್ಯರ ನಂಬಿಕೆಗಳೂ ಬದಲಾಗಿದ್ದವು. ಜನರಿಗಾಗಿ ಮಾಡಿದ ಚಿತ್ರ ವೈದ್ಯರನ್ನೂ ತಿದ್ದಿತು.

ಅಂದು ದೂರದರ್ಶನ ಮಾಡಿದ್ದನ್ನು ಇಂದು ಅಂಗೈಯೊಳಗಿನ ಮೊಬೈಲ್ ಮಾಡಬಲ್ಲದು. ಕೆನಡಾದ ಟೊರಾಂಟೋ ನಗರದ ವೈದ್ಯ ಮೈಕ್ ಇವಾನ್ಸ್ ಅವರು 2011ರಲ್ಲಿ ಬಿಳಿ ಹಲಗೆಯ ಮೇಲೆ ಚಿತ್ರ ಬರೆಯುತ್ತ ಹೇಳುವ ಒಂದು ವೀಡಿಯೋ ಮಾಡಿದರು. ದಿನದ 24 ಗಂಟೆಗಳಲ್ಲಿ ಕುಳಿತುಕೊಳ್ಳುವುದನ್ನೂ ಮಲಗುವುದನ್ನೂ ಇಪ್ಪತ್ಮೂರೂವರೆ ಗಂಟೆಗೆ ಸೀಮಿತಗೊಳಿಸಬಲ್ಲಿರಾ ಎಂಬ ಒಂದೇ ಪ್ರಶ್ನೆ ಅದರ ಜೀವಾಳ. ಔಷಧಿ ಕಂಪನಿಯ ಹೆಸರಿಲ್ಲ, ಹೆದರಿಕೆಯಿಲ್ಲ, ಅರ್ಧ ಗಂಟೆ ನಡೆಯಿರಿ ಎಂಬ ಸರಳ ಮಾತು. ಲಕ್ಷಾಂತರ ಜನ ಅದನ್ನು ನೋಡಿದರು. ಬೆನ್ನುನೋವಿನ ಕುರಿತೂ ಅವರದೊಂದು ಇದೇ ಬಗೆಯ ವೀಡಿಯೋ ಇದೆ.

ಇಳಕಲ್ ಸೀರೆಯ ವೀಡಿಯೋ

ಮೊದಲು ಹೇಳಿದ ತಾಯಿಯ ಸಂಗತಿಗೆ ಬರುತ್ತೇನೆ. ಅಂದು ನಾನು ಅವರ ಮುಂದೆ ನನ್ನ ತಪ್ಪನ್ನು ಒಪ್ಪಿಕೊಂಡು ಹಳೆಯ ಚೀಟಿಯನ್ನು ಮರಳಿ ಪಡೆದೆ. ಎಣ್ಣೆ ಹಚ್ಚಿ ಬಿಸಿನೀರಿನ ಸ್ನಾನ ಮಾಡಿಸಲು ಹೇಳಿದೆ, ಕೆಲವು ದಿನಗಳಿಗೆ ಔಷಧಿ ಕೊಟ್ಟೆ. ಮುಖ್ಯವಾಗಿ, ನನ್ನ ಎದುರಿನಲ್ಲಿಯೇ ಹತ್ತು ಹೆಜ್ಜೆ ನಡೆಸಿದೆ. ಮೊದಲ ವಾರ ಅಂಗಳದಲ್ಲಿ ದಿನಕ್ಕೆ ಮೂರು ಸಲ ಐದೈದು ನಿಮಿಷ, ಎರಡನೆಯ ವಾರ ಓಣಿಯ ತುದಿಯವರೆಗೆ, ಮುಂದೆ ಊರ ಅಗಸಿಯವರೆಗೆ ನಡಿಗೆ. ಎತ್ತುವುದಕ್ಕೂ ಕ್ರಮವಿತ್ತು: ಮೊದಲು ತಂಬಿಗೆ, ಆಮೇಲೆ ಅರ್ಧ ಕೊಡ, ಆಮೇಲೆ ತುಂಬಿದ ಕೊಡ. ನಡುವೆ ಎರಡು ಸಲ ನೋವು ಹೆಚ್ಚಾಗಿ ಗಾಬರಿಯಿಂದ ಫೋನ್ ಮಾಡಿದರು. ಹಿಂದಿನ ಹಂತಕ್ಕೆ ಇಳಿಯಿರಿ, ಹೊರಸು ಹಿಡಿಯಬೇಡಿ ಎಂದೆ. ಎರಡು ತಿಂಗಳ ಮೇಲೆ ಅವರು ಕಳೆ ತೆಗೆಯಲು ಹೊಲಕ್ಕೆ ಹೋದರು.

ಆಗ ಅವರ ಒಪ್ಪಿಗೆ ಪಡೆದು ಮಗನಿಂದಲೇ ಎರಡು ನಿಮಿಷದ ಒಂದು ವೀಡಿಯೋ ಮಾಡಿಸಿದೆ. ಅದರಲ್ಲಿ ಆ ತಾಯಿ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು ನಡೆಯುತ್ತಾರೆ, ನಿಂತು ಹೇಳುತ್ತಾರೆ: “ನಾನೂ ಭಾಳ ಅಂಜಿದ್ದೆ. ಮಕ್ಕೊಂಡಷ್ಟೂ ಹೆಚ್ಚಾತು. ನಡದಷ್ಟೂ ಕಡಿಮಿ ಆತು.” ಚಿಕಿತ್ಸಾಲಯಕ್ಕೆ ಬರುವ ಬೆನ್ನುನೋವಿನ ರೋಗಿಗಳಿಗೆ ಈಗ ನಾನು ಮೊದಲು ಅದನ್ನು ತೋರಿಸುತ್ತೇನೆ. ಅದಕ್ಕೂ ಮುಂಚೆ ವ್ಯಾಯಾಮಶಾಲೆಯ ಬಿಗಿ ಉಡುಪು ತೊಟ್ಟ ತರುಣ ತರುಣಿಯರ ವೀಡಿಯೋ ತೋರಿಸಿದಾಗ ನಮ್ಮ ಹೆಣ್ಣುಮಕ್ಕಳು ನಕ್ಕು ಸುಮ್ಮನಾಗುತ್ತಿದ್ದರು. ಇಳಕಲ್ ಸೀರೆಯುಟ್ಟು ತಮ್ಮದೇ ಮಾತನಾಡುವ ಈ ತಾಯಿಯನ್ನು ಕಂಡ ಕೂಡಲೇ, “ಈಕಿ ನಮ್ಮಂಗ ಇದ್ದಾಳ, ಈಕಿಗೆ ಆತಂದ್ರ ನಮಗ್ಯಾಕ ಆಗೂದಿಲ್ಲ” ಎನ್ನುತ್ತಾರೆ. ನಲವತ್ತು ವರ್ಷದ ಅನುಭವದ ನನ್ನ ಮಾತು ಮಾಡದ್ದನ್ನು ಆ ಎರಡು ನಿಮಿಷ ಮಾಡಿತೆಂದು ಹೇಳಲು ನನಗೆ ಸಂಕೋಚವಿಲ್ಲ. ನೋಡಿದವರೆಲ್ಲ ಗುಣವಾದರೆಂದು ಮಾತ್ರ ನಾನು ಹೇಳಲಾರೆ. ಆದರೆ ಹೊರಸಿನಿಂದ ಇಳಿಯಲು ಒಪ್ಪುವವರ ಸಂಖ್ಯೆ ಹೆಚ್ಚಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ವೀಡಿಯೋವನ್ನು ಆರಿಸುವುದು ಹೇಗೆ?

ಮದ್ದಾಗಬಲ್ಲದ್ದು ವಿಷವೂ ಆಗಬಲ್ಲದು. ನಿವೃತ್ತ ಶಿಕ್ಷಕರೊಬ್ಬರು ಒಂದೇ ಬೆಳಗ್ಗೆ ಆರು ವೀಡಿಯೋ ನೋಡಿ, ಆರರಲ್ಲಿದ್ದ ವ್ಯಾಯಾಮಗಳನ್ನೆಲ್ಲ ಮಾಡಿ, ಕೊನೆಗೆ ಹಲಾಸನಕ್ಕೆ ಹೋಗಿ ಕತ್ತು ಸೊಂಟ ಎರಡನ್ನೂ ನೋಯಿಸಿಕೊಂಡು ನನ್ನಲ್ಲಿಗೆ ಬಂದಿದ್ದರು. ಅವರ ಉತ್ಸಾಹದಲ್ಲಿ ತಪ್ಪಿರಲಿಲ್ಲ, ಆಯ್ಕೆ ಮತ್ತು ಪ್ರಮಾಣದಲ್ಲಿ ತಪ್ಪಿತ್ತು. ಆದ್ದರಿಂದ ಯಾವುದೇ ವೀಡಿಯೋವನ್ನು ಅನುಸರಿಸುವ ಮುನ್ನ ಈ ಐದು ಪ್ರಶ್ನೆಗಳನ್ನು ಕೇಳಿಕೊಳ್ಳಿ.

ಒಂದು, ಮಾತನಾಡುವವರು ಯಾರು? ತಮ್ಮ ಹೆಸರು, ವಿದ್ಯಾರ್ಹತೆ, ಕೆಲಸ ಮಾಡುವ ಸ್ಥಳ ಹೇಳಿಕೊಂಡ ವೈದ್ಯರೋ, ಫಿಸಿಯೋಥೆರಪಿ ತಜ್ಞರೋ ಆಗಿರಬೇಕು.

ಎರಡು, ನೋಡಿದ ಮೇಲೆ ಧೈರ್ಯ ಬಂದಿತೋ, ಭಯ ಬಂದಿತೋ? ಭಯ ಹುಟ್ಟಿಸುವ ವೀಡಿಯೋ ಎಷ್ಟೇ ಪಾಂಡಿತ್ಯದಿಂದ ಕೂಡಿದ್ದರೂ ಬೆನ್ನುನೋವಿನವರಿಗೆ ಅಪಥ್ಯ.

ಮೂರು, ಕೊನೆಯಲ್ಲಿ ಏನನ್ನಾದರೂ ಮಾರುತ್ತಿದ್ದಾರೆಯೇ? ಎಣ್ಣೆ, ಬೆಲ್ಟ್, ಚೂರ್ಣ ಯಾವುದೇ ಇರಲಿ. ನಮ್ಮ ಆಯುರ್ವೇದದ ಹೆಸರಿನಲ್ಲಿಯೇ ‘ಮೂರು ದಿನದಲ್ಲಿ ಬೆನ್ನುನೋವು ಮಾಯ’ ಎನ್ನುವ ವೀಡಿಯೋಗಳು ಹೇರಳವಾಗಿವೆ. ಅವುಗಳನ್ನು ನಂಬಬೇಡಿ ಎಂದು ಆಯುರ್ವೇದ ವೈದ್ಯನಾಗಿಯೇ ಹೇಳುತ್ತಿದ್ದೇನೆ.

ನಾಲ್ಕು, ಯಾರು ಇದನ್ನು ಮಾಡಬಾರದು, ಯಾವಾಗ ವೈದ್ಯರನ್ನು ಕಾಣಬೇಕು ಎಂಬುದನ್ನು ತಿಳಿಸಿದ್ದಾರೆಯೇ? ತಿಳಿಸದಿದ್ದರೆ ಅದು ಅಪೂರ್ಣ.

ಐದು, ನಿಮ್ಮ ವಯಸ್ಸಿಗೆ, ಶಕ್ತಿಗೆ ಹೊಂದುವ ಸುಲಭದ ಹಂತದಿಂದ ಆರಂಭವಾಗುತ್ತದೆಯೇ? ಬೆನ್ನನ್ನು ಹಿಡಿದು ಲಟಕ್ಕೆಂದು ಶಬ್ದ ಬರುವಂತೆ ತಿರುಚುವ ದೃಶ್ಯಗಳು ನೋಡಲು ರಂಜನೆ, ಅನುಕರಿಸಲು ಅಪಾಯ.

ಸಾಧ್ಯವಿದ್ದರೆ ನೀವು ಆರಿಸಿದ ವೀಡಿಯೋವನ್ನು ನಿಮ್ಮ ವೈದ್ಯರಿಗೆ ತೋರಿಸಿ. ನೋಡಲು ಅವರು ಬೇಸರಿಸಿದರೆ, ಹಾಗಾದರೆ ನೀವೇ ಒಂದನ್ನು ಸೂಚಿಸಿ ಎಂದು ವಿನಯದಿಂದ ಕೇಳಿ. ಹಾಗೆ ಕೇಳುವುದು ರೋಗಿಯ ಹಕ್ಕು.

ನೋಡಿದರೆ ಸಾಲದು

ಹೊರಸಿನ ಮೇಲೆ ಮಲಗಿ ಎರಡು ಗಂಟೆ ವ್ಯಾಯಾಮದ ವೀಡಿಯೋ ನೋಡಿದರೆ ಬೆನ್ನಿಗೆ ಏನು ಬಂತು? ಅಡುಗೆಯ ಪುಸ್ತಕ ಓದಿದರೆ ಹೊಟ್ಟೆ ತುಂಬದು. ಮೊಬೈಲೇ ಜನರನ್ನು ಕೂರಿಸಿ ಬೆನ್ನು ಕೆಡಿಸುತ್ತಿದೆ, ನೀವು ಅದನ್ನೇ ಮದ್ದೆನ್ನುತ್ತೀರಲ್ಲ ಎಂದು ನನ್ನ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಆಕ್ಷೇಪ ಸರಿಯಾದದ್ದೇ. ಅದಕ್ಕಾಗಿ ನಾನು ರೋಗಿಗಳಿಗೆ ಒಂದು ನಿಯಮ ಹೇಳುತ್ತೇನೆ: ಒಂದೇ ವೀಡಿಯೋ ಆರಿಸಿ, ನಿಂತುಕೊಂಡು ನೋಡಿ, ಮೊಬೈಲನ್ನು ಕಿಸೆಯಲ್ಲಿಟ್ಟು ಅಂಗಳಕ್ಕೆ ನಡೆಯಿರಿ. ಒಮ್ಮೆ ನೋಡಿದ್ದನ್ನು ಹತ್ತು ದಿನ ಮಾಡಿದ ಮೇಲೆಯೇ ಇನ್ನೊಂದನ್ನು ತೆರೆಯಿರಿ.

ಪ್ರಮಾಣದ ವಿಷಯದಲ್ಲಿ ನಮ್ಮ ಪೂರ್ವಾಚಾರ್ಯರು ತೋರಿದ ದಾರಿ ಇಂದಿಗೂ ಉಪಯುಕ್ತ. ಅರ್ಧಶಕ್ತಿಯಷ್ಟೇ ವ್ಯಾಯಾಮ ಮಾಡಬೇಕೆಂದು ಅವರು ವಿಧಿಸಿದರು. ಮೂಗಿನ ಉಸಿರು ಸಾಲದೆ ಬಾಯಿಯಿಂದ ಉಸಿರಾಡತೊಡಗಿದರೆ ಅರ್ಧಶಕ್ತಿ ಮುಗಿಯಿತೆಂದು ಸುಶ್ರುತರು ಗುರುತನ್ನೂ ಕೊಟ್ಟರು. ಗಡಿಯಾರ ಬೇಕಿಲ್ಲ, ಯಂತ್ರ ಬೇಕಿಲ್ಲ. ಬೆನ್ನುನೋವಿನವರು ಇದಕ್ಕೆ ಇನ್ನೊಂದು ಗುರುತು ಸೇರಿಸಿಕೊಳ್ಳಬಹುದು. ನಡೆಯುವಾಗ ನೋವು ತುಸು ಹೆಚ್ಚಿ, ಮರುದಿನ ಬೆಳಗಿನ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಇಳಿದರೆ ಪ್ರಮಾಣ ಸರಿಯಾಗಿದೆ ಎಂದರ್ಥ. ಇಳಿಯದಿದ್ದರೆ ಒಂದು ಹಂತ ಕಡಿಮೆ ಮಾಡಿ, ಪೂರ್ತಿ ನಿಲ್ಲಿಸಬೇಡಿ. ತೀವ್ರ ನೋವಿನ ಮೊದಲ ಒಂದೆರಡು ದಿನ ನಡುನಡುವೆ ಮಲಗಿ ವಿರಮಿಸಿದರೆ ತಪ್ಪೇನಿಲ್ಲ. ವಾರಗಟ್ಟಲೆ ಹಾಸಿಗೆ ಹಿಡಿಯುವುದು ತಪ್ಪು.

ದುಬಾರಿ ಉಪಕರಣಗಳ ಅಗತ್ಯವೂ ಇಲ್ಲ. 2024ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ ಸೊಂಟನೋವಿನಿಂದ ಚೇತರಿಸಿಕೊಂಡ 701 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಫಿಸಿಯೋಥೆರಪಿ ತಜ್ಞರ ಮಾರ್ಗದರ್ಶನದಲ್ಲಿ ಮೆಲ್ಲನೆ ಹೆಚ್ಚಿಸುತ್ತ ಹೋಗುವ ನಡಿಗೆಯನ್ನೂ ತಿಳಿವಳಿಕೆಯನ್ನೂ ಕೊಟ್ಟರು. ಇನ್ನೊಂದಕ್ಕೆ ಏನನ್ನೂ ಕೊಡಲಿಲ್ಲ. ನಡೆದವರಲ್ಲಿ ನೋವು ಮರಳುವ ಮಧ್ಯಾವಧಿ 208 ದಿನ, ನಡೆಯದವರಲ್ಲಿ 112 ದಿನ. ನಡಿಗೆಗೆ ಕಾಸಿನ ಖರ್ಚಿಲ್ಲ, ಹೊಲದ ದಾರಿಯೇ ಸಾಕು.

ಕೂಲಿ ಮಾಡುವವರು, ಮಗ್ಗದ ಮುಂದೆ ಕೂರುವವರು, ದಿನವಿಡೀ ರೊಟ್ಟಿ ಬಡಿಯುವ ತಾಯಂದಿರು ಕೇಳಬಹುದು: ನಾವು ದಿನವಿಡೀ ದುಡಿಯುತ್ತೇವೆ, ಮತ್ತೆ ವ್ಯಾಯಾಮವೇಕೆ? ಒಂದೇ ಭಂಗಿಯ ದುಡಿಮೆಯಲ್ಲಿ ದೇಹದ ಕೆಲವು ಭಾಗಗಳು ಅತಿಯಾಗಿ ದುಡಿಯುತ್ತವೆ, ಕೆಲವು ಸುಮ್ಮನಿರುತ್ತವೆ. ಅಂಥವರಿಗೆ ಅರ್ಧ ತಾಸಿಗೊಮ್ಮೆ ಎದ್ದು ಬೆನ್ನನ್ನು ಹಿಂದಕ್ಕೆ ಮೆಲ್ಲನೆ ಬಾಗಿಸಿ ನಾಲ್ಕು ಹೆಜ್ಜೆ ನಡೆಯುವುದೇ ವ್ಯಾಯಾಮ. ಕೆಲಸ ಕೊಟ್ಟ ಯಜಮಾನರು ಆ ನಾಲ್ಕು ಹೆಜ್ಜೆಗೆ ಹುಬ್ಬು ಗಂಟಿಕ್ಕಬಾರದು.

ವೀಡಿಯೋ ಬಿಟ್ಟು ವೈದ್ಯರಲ್ಲಿಗೆ ಓಡಬೇಕಾದ ಸಂದರ್ಭಗಳು

ಇಲ್ಲಿಯವರೆಗೆ ಹೇಳಿದ್ದು ಸಾಮಾನ್ಯ ಬೆನ್ನುನೋವಿನ ಮಾತು. ಮೂತ್ರ ಕಟ್ಟಿದರೆ ಅಥವಾ ಮಲಮೂತ್ರಗಳ ಹಿಡಿತ ತಪ್ಪಿದರೆ, ತೊಡೆಸಂದು ಮತ್ತು ಗುದದ ಸುತ್ತ ಜೋಮು ಹಿಡಿದರೆ, ಕಾಲಿನ ಬಲ ಕುಂದುತ್ತ ಹೋದರೆ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅದು ಶಸ್ತ್ರಚಿಕಿತ್ಸೆ ಬೇಕಾಗಬಹುದಾದ ಸ್ಥಿತಿ, ಅಲ್ಲಿ ನನ್ನ ಎಣ್ಣೆ ಔಷಧಿಗಳೂ ನಡೆಯವು. ಸಂಜೆಯ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ಮಲಗಿದರೂ ಬಿಡದ ನೋವು ಇದ್ದರೆ ತಡಮಾಡದೆ ಪರೀಕ್ಷಿಸಿಕೊಳ್ಳಿ. ಬೆನ್ನುಮೂಳೆಗೂ ಕ್ಷಯ ಬರುತ್ತದೆ ಎಂಬುದನ್ನು ಮರೆಯಬಾರದು. ಹಿಂದೆ ಕ್ಯಾನ್ಸರ್ ಆಗಿದ್ದವರು, ಬಿದ್ದು ಪೆಟ್ಟು ಮಾಡಿಕೊಂಡವರು, ಬಹುಕಾಲ ಸ್ಟಿರಾಯ್ಡ್ ಸೇವಿಸಿದವರು, ವಯೋವೃದ್ಧರು ಹೊಸದಾಗಿ ನೋವು ಬಂದಾಗ ಮೊದಲು ವೈದ್ಯರನ್ನು ಕಾಣಬೇಕು, ವ್ಯಾಯಾಮ ಆಮೇಲೆ. ಆರು ವಾರ ನಡೆದಾಡಿದರೂ ಸುಧಾರಣೆ ಕಾಣದಿದ್ದರೂ ತೋರಿಸಿಕೊಳ್ಳುವುದು ಒಳ್ಳೆಯದು.

ಮನೆಯವರು ಮಾಡಬೇಕಾದದ್ದು

ಬೆನ್ನುನೋವಿನವರನ್ನು ಮಲಗಿಸುವುದು ಬಹುತೇಕ ಮನೆಯವರ ಪ್ರೀತಿಯೇ. ತಾಯಿ ಕೊಡ ಮುಟ್ಟಿದರೆ ಮಗ ಓಡಿಬಂದು ಕಸಿದುಕೊಳ್ಳುತ್ತಾನೆ, ಅತ್ತೆ ಕಸಬರಿಗೆ ಹಿಡಿದರೆ ಸೊಸೆಗೆ ಅಪವಾದದ ಭಯ. ನೋವಿದ್ದವರಿಗೆ ನೆರವಾಗುವುದು ಧರ್ಮ, ನಿಜ. ಆದರೆ ಅವರ ಕೈಯ ಕೆಲಸವನ್ನೆಲ್ಲ ಕಸಿದುಕೊಂಡರೆ ಅವರ ಬಲವನ್ನೂ ಆತ್ಮವಿಶ್ವಾಸವನ್ನೂ ಕಸಿದುಕೊಂಡಂತೆ. ಕೆಲಸವನ್ನು ಹಗುರ ಮಾಡಿಕೊಡಿ, ಇಲ್ಲವಾಗಿಸಬೇಡಿ. ಮೊಬೈಲ್ ಬಳಸಬಲ್ಲ ಮಕ್ಕಳು ಮೊಮ್ಮಕ್ಕಳು ಒಳ್ಳೆಯದೊಂದು ವೀಡಿಯೋ ಹುಡುಕಿ ಹಿರಿಯರಿಗೆ ತೋರಿಸಲಿ, ತೋರಿಸಿ ಜೊತೆಯಲ್ಲಿ ಹತ್ತು ನಿಮಿಷ ನಡೆಯಲಿ. ಭಯದ ವೀಡಿಯೋ ಬಂದರೆ ಅದನ್ನು ಮುಂದಕ್ಕೆ ಕಳಿಸದಿರುವುದೂ ಒಂದು ಸೇವೆಯೇ.

ವೈದ್ಯಮಿತ್ರರಲ್ಲಿ ನನ್ನ ವಿನಂತಿ ಇಷ್ಟೇ: ಗೊಣಗುವುದನ್ನು ಬಿಟ್ಟು ನಾವೇ ನಮ್ಮ ರೋಗಿಗಳ ಮಾತಿನಲ್ಲಿ, ಅವರ ಅಂಗಳದಲ್ಲಿ, ಎರಡೆರಡು ನಿಮಿಷದ ವೀಡಿಯೋ ಮಾಡೋಣ. ಒಳ್ಳೆಯದನ್ನು ನಾವು ಕೊಡದಿದ್ದರೆ ಕೆಟ್ಟದ್ದು ಆ ಜಾಗವನ್ನು ತುಂಬುತ್ತದೆ.

ಆ ಹಳೆಯ ಚೀಟಿ ಈಗಲೂ ನನ್ನ ಮೇಜಿನ ಖಾನೆಯಲ್ಲಿದೆ. ಅಂಥ ಚೀಟಿಗಳನ್ನು ನಾನು ಎಷ್ಟು ಜನರಿಗೆ ಬರೆದುಕೊಟ್ಟೆನೋ ಲೆಕ್ಕವಿಲ್ಲ. ನನ್ನದಾಗಲಿ, ಬೇರೆ ವೈದ್ಯರದಾಗಲಿ, ಅಂಥ ಚೀಟಿಯೊಂದು ನಿಮ್ಮ ಮನೆಯ ಪೆಟ್ಟಿಗೆಯಲ್ಲಿದ್ದರೆ ಅದನ್ನು ತೆಗೆದುಕೊಂಡು ಒಮ್ಮೆ ನಿಮ್ಮ ವೈದ್ಯರ ಬಳಿಗೆ ಹೋಗಿ, ಈಗಲೂ ಇದು ಸರಿಯೇ ಎಂದು ಕೇಳಿ. ದೂರ ಹೆಚ್ಚಿಲ್ಲದಿದ್ದರೆ ನಡೆದುಕೊಂಡೇ ಹೋಗಿ.